ತೋಟದಲ್ಲೊಂದು ಉಗಿರೈಲು: ಹಳಿ ಹಾಕುವುದರಿಂದ ಬೆಂಕಿ ಆರಿಸುವವರೆಗೆ

ಮಾದರಿ ಉಗಿರೈಲಿನ ಹುಚ್ಚು ಹತ್ತಿದವರು ಸಾಮಾನ್ಯವಾಗಿ ಮೊದಲು ಎಂಜಿನ್ ತರುತ್ತಾರೆ, ಆಮೇಲೆ ಹಳಿಗೆ ಜಾಗ ಹುಡುಕುತ್ತಾರೆ. ಆಗಬೇಕಾದದ್ದು ಇದರ ತಿರುಗುಮುರುಗು. ವಿದ್ಯುತ್ತಿನಲ್ಲಿ ಓಡುವ ಮಾದರಿ ಹಳಿಯ ಸಣ್ಣಪುಟ್ಟ ಏರಿಳಿತವನ್ನು ಸಂಭಾಳಿಸಿಕೊಂಡು ಹೋಗುತ್ತದೆ. ಉಗಿಗೆ ಆ ಸಹನೆ ಇಲ್ಲ. ಸಿಲಿಂಡರಿಗೆ ಹೋಗುವ ಉಗಿಯನ್ನು ಹೆಚ್ಚು ಕಡಿಮೆ ಮಾಡುವ ರೆಗ್ಯುಲೇಟರನ್ನು ಒಂದೇ ಕಡೆ ಬಿಟ್ಟರೆ ಏರಿನಲ್ಲಿ ಏದುಸಿರು ಬಿಟ್ಟು ನಿಲ್ಲುತ್ತದೆ, ಇಳಿಜಾರು ಸಿಕ್ಕಿದೊಡನೆ ಹುಚ್ಚೆದ್ದು ಓಡಿ ತಿರುವಿನಲ್ಲಿ ಮಗುಚಿಕೊಳ್ಳುತ್ತದೆ. ಮಗುಚುವುದು ಉರಿಯುವ ಬೆಂಕಿ, ಕುದಿಯುವ ನೀರು, ಎರಡು ಮೂರು ಕಿಲೋ ಲೋಹ ಎಲ್ಲ ಒಟ್ಟಿಗೆ. ಆದ್ದರಿಂದ ಇಲ್ಲಿ ಅರ್ಧ ಬರಹ ಗಾರೆ ಕೆಲಸಕ್ಕೇ ಹೋಗುತ್ತದೆ. ಮಟ್ಟ ಸರಿಯಿದ್ದರೆ ಸಾಧಾರಣ ಎಂಜಿನ್ನೂ ಚೆಂದ ಓಡುತ್ತದೆ.

ಯಾವ ಅಳತೆ

ಈ ಹವ್ಯಾಸದ ತವರು ಇಂಗ್ಲೆಂಡ್. ಅಲ್ಲಿ ಬೇರೂರಿರುವ ಲೆಕ್ಕ ಒಂದು ಅಡಿಗೆ 16 ಮಿ.ಮೀ., ಅಂದರೆ 1:19. ಎರಡಡಿ ಅಗಲದ ನಿಜವಾದ ನ್ಯಾರೋಗೇಜ್ ಹಳಿ, 610 ಮಿ.ಮೀ., ಈ ಲೆಕ್ಕದಲ್ಲಿ ಸರಿಯಾಗಿ 32 ಮಿ.ಮೀ. ಆಗುತ್ತದೆ. 1881ರಲ್ಲಿ ಶುರುವಾದ ಡಾರ್ಜಿಲಿಂಗ್ ರೈಲು, ನೇರಳ್–ಮಾಥೇರಾನ್ ರೈಲು ಎರಡೂ ಎರಡಡಿಯವೇ. 1889ರಿಂದ ಗ್ಲಾಸ್ಗೋದ ಶಾರ್ಪ್ ಸ್ಟೀವರ್ಟ್ ಕಂಪನಿ ಡಾರ್ಜಿಲಿಂಗಿಗೆ ಕಟ್ಟಿಕೊಟ್ಟ 'ಬಿ' ವರ್ಗದ ನಾಲ್ಕು ಗಾಲಿಯ ಪುಟ್ಟ ಎಂಜಿನ್, ಈ ಅಳತೆಯ ಮಾದರಿಕಾರರಿಗೆ ಬಲು ಪ್ರಿಯ. ಡಾಂಕಾಸ್ಟರಿನ ರೌಂಡ್‌ಹೌಸ್ ಸಂಸ್ಥೆ ಅದರ ಉಗಿ ಮಾದರಿಯನ್ನೇ ತಯಾರಿಸಿದೆ.

ನಮ್ಮ ಮೀಟರ್‌ಗೇಜ್ ಮಾಡಬೇಕೆಂದರೆ ಹಳಿ 45 ಮಿ.ಮೀ., ಪ್ರಮಾಣ 1:22.5. ಕೋಲಾರ–ಚಿಕ್ಕಬಳ್ಳಾಪುರ ಕಡೆಯ ಹಳೆಯ ನ್ಯಾರೋಗೇಜ್ ಆಸೆಯಿದ್ದವರಿಗೆ ಮಾತ್ರ ಒಂದು ತೊಡಕಿದೆ. ಅದು ಎರಡೂವರೆ ಅಡಿಯದು, 762 ಮಿ.ಮೀ. 1:19ರಲ್ಲಿ ಅದು 40 ಮಿ.ಮೀ. ಆಗುತ್ತದೆ, ಸಿದ್ಧವಾಗಿ ಸಿಗುವ 32 ಮತ್ತು 45ರ ನಡುವೆ ಸಿಕ್ಕಿಬೀಳುತ್ತದೆ. ಹಳಿ 32 ಇಟ್ಟು ಮೇಲಿನ ಡಬ್ಬಿಯನ್ನು ಮಾತ್ರ 1:19ಕ್ಕೆ ಕಟ್ಟುವುದು ಹಲವರ ಹೊಂದಾಣಿಕೆ. ಮೈಸೂರಿನ ರೈಲು ಮ್ಯೂಸಿಯಮ್ಮಿಗೆ ಟೇಪು ಹಿಡಿದು ಹೋಗಿ ಗಾಡಿಗಳ ಎತ್ತರ ಅಗಲ ಬರೆದುಕೊಂಡು ಬನ್ನಿ. ಯಾವ ನಕ್ಷೆಗಿಂತಲೂ ಅದು ವಾಸಿ.

ಇಲ್ಲಿಂದ ಮುಂದೆ ಹೇಳುವುದೆಲ್ಲ 32 ಮಿ.ಮೀ. ಹಳಿ ಮತ್ತು ಗ್ಯಾಸಿನಲ್ಲಿ ಓಡುವ ಎಂಜಿನ್ನಿನ ಬಗ್ಗೆ.

ಜಾಗ ಮತ್ತು ತಿರುವು

ಪುಟ್ಟ ನಾಲ್ಕು ಗಾಲಿಯ ಎಂಜಿನ್ 60 ಸೆಂ.ಮೀ. ತ್ರಿಜ್ಯದಲ್ಲೂ ತಿರುಗಬಲ್ಲದು. ತಿರುಗಬಲ್ಲದು ಅಂದಮಾತ್ರಕ್ಕೆ ಅಷ್ಟೇ ಕೊಡಬೇಕೆಂದಿಲ್ಲ. ತಿರುವು ಬಿಗಿಯಾದಷ್ಟೂ ಡಬ್ಬಿಗಳ ಗಾಲಿಯಂಚು ಹಳಿಗೆ ಉಜ್ಜಿ ಎಳೆತ ಹೆಚ್ಚುತ್ತದೆ. ಎಂಜಿನ್ನಿಗೆ ಅದು ಏರು ಹತ್ತಿದಷ್ಟೇ ಭಾರ. 1.2 ಮೀಟರಿಗಿಂತ ಕಡಿಮೆ ಬೇಡ, 1.5 ಸಿಕ್ಕರೆ ಒಳ್ಳೆಯದು. 1.8 ಇದ್ದರೆ ಮುಂದೆ ದೊಡ್ಡ ಎಂಜಿನ್ ತಂದಾಗ ಹಳಿ ಕಿತ್ತು ಹಾಕುವ ಕೆಲಸ ಇರುವುದಿಲ್ಲ.

ಉದಾಹರಣೆಗೆ ಒಂದು ಲೆಕ್ಕ: ಎರಡು ಕಡೆ 1.5 ಮೀಟರ್ ತ್ರಿಜ್ಯದ ಅರ್ಧ ವೃತ್ತ, ನಡುವೆ 4 ಮೀಟರಿನ ಎರಡು ನೇರ ಹಳಿ. ಬೇಕಾಗುವ ನೆಲ ಸುಮಾರು 3.5 ಮೀಟರ್ ಅಗಲ, 7.5 ಮೀಟರ್ ಉದ್ದ. ಹಳಿಯ ಒಟ್ಟು ಸುತ್ತಳತೆ 17.4 ಮೀಟರ್. ಪೆಕೊ ಕಂಪನಿಯ 32 ಮಿ.ಮೀ. ಬಾಗುವ ಹಳಿ 914 ಮಿ.ಮೀ. ತುಂಡುಗಳಲ್ಲಿ ಬರುತ್ತದೆ, ಆದ್ದರಿಂದ 20 ತುಂಡು ಸಾಕು. ನಿಜವಾದ ರೈಲು ಗಂಟೆಗೆ 15 ಕಿ.ಮೀ. ವೇಗದಲ್ಲಿ ಹೋದಂತೆ ಕಾಣಬೇಕೆಂದರೆ ಈ ಸುತ್ತನ್ನು ಮುಗಿಸಲು ಸುಮಾರು 80 ಸೆಕೆಂಡ್ ತೆಗೆದುಕೊಳ್ಳಬೇಕು. ಈ ಸಂಖ್ಯೆ ನೆನಪಿಡಿ. ಹೊಸಬರ ರೈಲು 30 ಸೆಕೆಂಡಿನಲ್ಲಿ ಸುತ್ತಿ ಬರುತ್ತದೆ, ನೋಡಲಿಕ್ಕೆ ಬಾಲಕ್ಕೆ ಬೆಂಕಿ ಬಿದ್ದ ಇಲಿಯಂತಿರುತ್ತದೆ.

ಅಡಿಪಾಯ

ಉಗಿ ಎಂಜಿನ್ನಿಗೆ ಎಣ್ಣೆ, ನೀರು, ಗ್ಯಾಸ್ ತುಂಬಲು ಪದೇ ಪದೇ ಬಗ್ಗಬೇಕು. ಹಾಗಾಗಿ ನೆಲಮಟ್ಟದ ಹಳಿಗಿಂತ 70–80 ಸೆಂ.ಮೀ. ಎತ್ತರದ ಕಟ್ಟೆಯ ಮೇಲಿನ ಹಳಿ ಸೊಂಟಕ್ಕೂ ಹಿತ, ಮಳೆಗಾಲದ ಕೆಸರು ಸಿಡಿಯುವುದೂ ಕಡಿಮೆ. ಇಂಗ್ಲೆಂಡಿನವರು ಮರದ ಹಲಗೆ, ಮರದ ಕಂಬ ಬಳಸುವುದುಂಟು. ನಮ್ಮ ಕಡೆ ಗೆದ್ದಲಿಗೆ ಹಬ್ಬದೂಟ ಬಡಿಸಿದಂತೆ ಅದು. ಇಲ್ಲಿ ಸಾಲಿಡ್ ಸಿಮೆಂಟ್ ಬ್ಲಾಕಿನ ಕಂಬ, ಮೇಲೆ ಕಾಂಕ್ರೀಟ್ ಚಪ್ಪಡಿ, ಇವೇ ಉಳಿಯುವುದು.

ಕೆಂಪು ಮಣ್ಣಾದರೆ ಪ್ರತಿ ಕಂಬಕ್ಕೆ ಒಂದಡಿ ಆಳದ ಗುಂಡಿ ತೋಡಿ ತಳಕ್ಕೆ ಅರ್ಧ ಅಡಿ ಕಾಂಕ್ರೀಟ್ ಹಾಕಿದರೆ ಸಾಕು. ಎರೆಮಣ್ಣಿನ ನೆಲದವರು ಎಚ್ಚರ ವಹಿಸಬೇಕು: ಅದು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಕಂಬಗಳು ಒಂದೊಂದೂ ಒಂದೊಂದು ಎತ್ತರಕ್ಕೆ ಹೋಗುತ್ತವೆ. ಮೇಲಿನ ಎರಡು ಮೂರು ಅಡಿ ಎರೆ ತೆಗೆದು ಗರಸು ತುಂಬಿ ದಮ್ಮಸು ಮಾಡಿ ಕಂಬ ಎಬ್ಬಿಸಿ. ಯಾವ ಮಣ್ಣಾದರೂ ಒಂದು ಮಳೆಗಾಲ ಕಳೆದ ಮೇಲೆ ಮಟ್ಟ ಮತ್ತೊಮ್ಮೆ ನೋಡಲೇಬೇಕು.

ನೇರ ಭಾಗಕ್ಕೆ 90 ಸೆಂ.ಮೀ. ಉದ್ದ, 20 ಅಗಲ, 5 ದಪ್ಪದ ಚಪ್ಪಡಿ. ನಡುವೆ 6 ಮಿ.ಮೀ. ಕಂಬಿ ಎರಡು. ಒಂದೊಂದೂ ಸುಮಾರು 22 ಕಿಲೋ ತೂಗುತ್ತದೆ, ಒಬ್ಬರೇ ಎತ್ತಬಹುದು. ತಿರುವಿಗೆ ಇದೇ 90ರ ಚಪ್ಪಡಿ ಹಾಕಿದರೆ 1.5 ಮೀಟರ್ ತ್ರಿಜ್ಯದಲ್ಲಿ ಹಳಿ ಚಪ್ಪಡಿಯ ನಡುಗೆರೆಯಿಂದ ಸುಮಾರು 7 ಸೆಂ.ಮೀ. ಆಚೀಚೆ ಸರಿಯುತ್ತದೆ, ಹಳಿಯ ಕೆಳಗಿನ ಅಡ್ಡಪಟ್ಟಿ, ಅಂದರೆ ಸ್ಲೀಪರ್, ಅಂಚಿಗೆ ಬಂದುಬಿಡುತ್ತದೆ. 60 ಸೆಂ.ಮೀ. ಚಪ್ಪಡಿಯಾದರೆ ಸರಿಯುವುದು 3 ಸೆಂ.ಮೀ. ಮಾತ್ರ. ಆಯತಾಕಾರದ ಚಪ್ಪಡಿಗಳನ್ನು ವೃತ್ತದಲ್ಲಿ ಜೋಡಿಸಿದರೆ ಹೊರಗಡೆ ಬೆಣೆಯಾಕಾರದ ಸಂದು ಬಾಯಿ ಬಿಡುತ್ತದೆ. ಅದಕ್ಕೆ ಅಚ್ಚನ್ನೇ ಓರೆಯಾಗಿ ಮಾಡಿಸಿ: ಒಳ ಅಂಚು 55.5 ಸೆಂ.ಮೀ., ಹೊರ ಅಂಚು 63.5 ಸೆಂ.ಮೀ., ಅಗಲ 20. ಇಂಥ 16 ಚಪ್ಪಡಿ ಎರಡೂ ತಿರುವುಗಳಿಗೆ ಸರಿಹೋಗುತ್ತವೆ. ತಿರುವಿನ ಹೊರ ಅಂಚಿಗೆ 3–4 ಸೆಂ.ಮೀ. ಎತ್ತರದ ಗಾರೆಯ ದಂಡೆ ಕಟ್ಟಿ. ಹಳಿ ತಪ್ಪಿದ ಎಂಜಿನ್ ಅದಕ್ಕೆ ತಾಗಿ ನಿಲ್ಲುತ್ತದೆ. ದಂಡೆ ಇಲ್ಲದಿದ್ದರೆ ಮುಕ್ಕಾಲು ಮೀಟರ್ ಕೆಳಕ್ಕೆ ಬೀಳುತ್ತದೆ.

ಮಟ್ಟ ಹಿಡಿಯಲು ಮೇಸ್ತ್ರಿಗಳ ಟ್ಯೂಬ್ ಲೆವೆಲ್‌ಗಿಂತ ಒಳ್ಳೆಯ ಸಾಧನ ಈ ಕೆಲಸಕ್ಕಿಲ್ಲ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಗಾಳಿಗುಳ್ಳೆ ಒಂದೂ ಇಲ್ಲದಂತೆ ನೋಡಿಕೊಂಡು, ಒಂದೇ ಕಂಬವನ್ನು ಮೂಲವಾಗಿಟ್ಟು ಉಳಿದೆಲ್ಲ ಕಂಬಗಳಿಗೂ ಅಲ್ಲಿಂದಲೇ ಗುರುತು ಹಾಕಿ. ಕಂಬದಿಂದ ಕಂಬಕ್ಕೆ ಅಳೆಯುತ್ತ ಹೋದರೆ ಒಂದೊಂದು ಮಿಲಿಮೀಟರ್ ತಪ್ಪು ಕೂಡುತ್ತ ಕೊನೆಗೆ ಸುತ್ತು ಸೇರುವ ಕಡೆ ಮೆಟ್ಟಿಲಾಗುತ್ತದೆ. ಅಕ್ಕಪಕ್ಕದ ಎರಡು ಕಂಬಗಳ ವ್ಯತ್ಯಾಸ 2 ಮಿ.ಮೀ. ದಾಟಬಾರದು, 60 ಸೆಂ.ಮೀ.ಗೆ ಅದು 300ಕ್ಕೆ 1ರ ಏರು, ಎಂಜಿನ್ನಿಗೆ ಗೊತ್ತೇ ಆಗುವುದಿಲ್ಲ. 100ಕ್ಕೆ 1 ಬಂದರೆ ಸದ್ದು ಬದಲಾಗುತ್ತದೆ. 50ಕ್ಕೆ 1 ಬಂದರೆ ಪ್ರತಿ ಸುತ್ತಿಗೂ ಎರಡು ಸಲ ರೆಗ್ಯುಲೇಟರಿಗೆ ಕೈ ಹಾಕಬೇಕು. ಅಡ್ಡ ಮಟ್ಟವನ್ನು ರಸಮಟ್ಟದಲ್ಲಿ ನೋಡಿ. ಹಳಿಯ ಒಂದು ಬದಿ ತಗ್ಗಿ ಮುಂದೆ ಇನ್ನೊಂದು ಬದಿ ತಗ್ಗಿದರೆ, ಅಂದರೆ ಹಳಿ ತಿರುಚಿದ್ದರೆ, ಸ್ಪ್ರಿಂಗಿಲ್ಲದ ನಾಲ್ಕು ಗಾಲಿಯ ಡಬ್ಬಿ ಅಲ್ಲೇ ಮೂರು ಕಾಲಿನ ಮೇಲೆ ನಿಂತು ಹಳಿ ಬಿಡುತ್ತದೆ.

ಹಳಿ

ಬಾಗುವ ಹಳಿಯನ್ನು ಕೈಯಲ್ಲಿ ಬಗ್ಗಿಸಿ ಸ್ಕ್ರೂ ಹೊಡೆದರೆ ಅಂದು ಸುತ್ತಾಗಿಯೇ ಕಾಣುತ್ತದೆ. ಎರಡು ವಾರ ಬಿಸಿಲು ಬಿದ್ದ ಮೇಲೆ ತುದಿಗಳು ನೆಟ್ಟಗಾಗಲು ಹವಣಿಸಿ ಪ್ರತಿ ಸಂದಿನಲ್ಲೂ ಮೊಣಕೈಯಂಥ ಮಡಿಕೆ ಮೂಡುತ್ತದೆ. ಹಳಿಯನ್ನು ಸ್ಲೀಪರಿನಿಂದ ಹೊರತೆಗೆದು ಮೂರು ಉರುಳೆಯ ಬೆಂಡರಿನಲ್ಲಿ ಸಾಗಿಸಿ, ಬಾಗು ಲೋಹದಲ್ಲೇ ಕೂತ ಮೇಲೆ ಮತ್ತೆ ತೂರಿಸಬೇಕು. ಅರ್ಧ ವೃತ್ತಕ್ಕೆ ಹೊರ ಹಳಿ ಒಳ ಹಳಿಗಿಂತ ಸುಮಾರು 10 ಸೆಂ.ಮೀ. ಉದ್ದ ಬೇಕಾಗುತ್ತದೆ, ಹಾಗಾಗಿ ಒಳ ಹಳಿಯನ್ನು ಕತ್ತರಿಸುವುದು ಅನಿವಾರ್ಯ. ಕತ್ತರಿಸಿದ ತುದಿಯನ್ನು ಅರದಿಂದ ಉಜ್ಜಿ, ಒಳಗಿನ ಮೇಲಂಚನ್ನು ತುಸು ಮೊಂಡು ಮಾಡಿ.

ಬಿಸಿಲಿಗೆ ಹಳಿ ಹಿಗ್ಗುತ್ತದೆ. ಬೆಳಗಿನ 15 ಡಿಗ್ರಿಯಿಂದ ಮಧ್ಯಾಹ್ನದ 60 ಡಿಗ್ರಿವರೆಗೆ ಕಾದರೆ 914 ಮಿ.ಮೀ. ತುಂಡು ಮುಕ್ಕಾಲು ಮಿಲಿಮೀಟರಿನಷ್ಟು ಬೆಳೆಯುತ್ತದೆ. ಇಡೀ ಸುತ್ತಿಗೆ ಲೆಕ್ಕ ಹಾಕಿದರೆ 14–15 ಮಿ.ಮೀ. ಬೆಳಗಿನ ತಂಪಿನಲ್ಲಿ ಜೋಡಿಸುವುದಾದರೆ ಪ್ರತಿ ಸಂದಿನಲ್ಲಿ 1 ಮಿ.ಮೀ. ಬಿಡಿ; ನಡುಮಧ್ಯಾಹ್ನ ಜೋಡಿಸಿದರೆ ತಾಗಿಸಿಯೇ ಇಡಬಹುದು. ಸ್ಲೀಪರುಗಳನ್ನು ಸುಮಾರು 45 ಸೆಂ.ಮೀ.ಗೊಂದರಂತೆ ಸ್ಟೇನ್‌ಲೆಸ್ ಸ್ಕ್ರೂ, ವಾಲ್ ಪ್ಲಗ್ ಹಾಕಿ ಹಿಡಿಸಿ. ಸ್ಕ್ರೂ ತಲೆ ತಾಗಿದ ಮೇಲೆ ಕಾಲು ಸುತ್ತು ಹಿಂದಕ್ಕೆ ಬಿಡಬೇಕು. ಬಿಗಿಯಾಗಿ ಕಟ್ಟಿದ ಹಳಿ ಏಪ್ರಿಲ್‌ನಲ್ಲಿ ಹಾವಿನಂತೆ ಡೊಂಕಾಗುತ್ತದೆ.

ಹಳಿಗಳ ಒಳಮೈಯಿಂದ ಒಳಮೈಗೆ 32 ಮಿ.ಮೀ. ಇರಬೇಕು. ತಿರುವಿನಲ್ಲಿ 33 ಆದರೂ ನಡೆಯುತ್ತದೆ, 31.5 ಆದರೆ ನಡೆಯುವುದಿಲ್ಲ. ಜಲ್ಲಿ ಹಾಕುವುದು ಅಂದಕ್ಕೆ. ಬೇಬಿ ಜಲ್ಲಿಯನ್ನು ಜರಡಿ ಹಿಡಿದು 3–6 ಮಿ.ಮೀ. ಕಾಳು ಮಾತ್ರ ಆರಿಸಿ, ತೊಳೆದು, ಸ್ಲೀಪರಿನ ಮೇಲ್ಮೈಗಿಂತ ಕೆಳಗೇ ನಿಲ್ಲುವಂತೆ ಹರಡಿ. ಎಂ-ಸ್ಯಾಂಡ್ ಬೇಡ. ಅದರ ಪುಡಿ ಎಣ್ಣೆಗೆ ಅಂಟಿ ಎಂಜಿನ್ನಿನ ಕಡ್ಡಿ ಕೀಲುಗಳನ್ನು ಉಪ್ಪುಕಾಗದದಂತೆ ಸವೆಸುತ್ತದೆ.

ಎಂಜಿನ್: ಕೊಳ್ಳುವುದೋ ಕಟ್ಟುವುದೋ

ಮೂರು ಬಗೆಯ ಉರುವಲು ಚಾಲ್ತಿಯಲ್ಲಿವೆ. ಮಾತ್ರೆಯಂಥ ಗಟ್ಟಿ ಇಂಧನದ್ದು ಅಗ್ಗ, ಆದರೆ ಉರಿ ಹೆಚ್ಚು ಕಡಿಮೆ ಮಾಡಲು ಬರುವುದಿಲ್ಲ. ಸ್ಪಿರಿಟ್ ಬತ್ತಿಯದು ನಿಶ್ಶಬ್ದ. ಹಗಲಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣದು, ಎಂಜಿನ್ ಮಗುಚಿದರೆ ಉರಿಯುವ ಸ್ಪಿರಿಟ್ ಚೆಲ್ಲುತ್ತದೆ. ಬಾಯ್ಲರಿನ ನಡುವೆ ಹಾದ ಕೊಳವೆಯಲ್ಲಿ ಗ್ಯಾಸ್ ಉರಿಯುವ ಬಗೆ ಹೊಸಬರಿಗೆ ಹೆಚ್ಚು ಒಗ್ಗುತ್ತದೆ. ಓಡುವಾಗ ಬಾಯ್ಲರಿನಲ್ಲಿರುವ ಉಗಿಯ ಒತ್ತಡ, ಅಂದರೆ ಕೆಲಸದ ಒತ್ತಡ, ಸಾಮಾನ್ಯವಾಗಿ 40 ಪಿಎಸ್‌ಐ, ಅಂದರೆ ಸುಮಾರು 2.75 ಬಾರ್.

ಕಟ್ಟುವ ಆಸೆಯಿದ್ದರೆ ಮೊದಲ ಸಲಕ್ಕೆ ಪರೀಕ್ಷೆ ಮಾಡಿದ ಬಾಯ್ಲರ್ ಸಮೇತ ಬರುವ ಕಿಟ್ ಕೊಳ್ಳಿ. ಸ್ಕ್ರೂಡ್ರೈವರ್, ಸಣ್ಣ ಸ್ಪ್ಯಾನರ್, ಅರ, ಬೇಕಾದರೆ ಬಣ್ಣ, ಇಷ್ಟರಲ್ಲೇ ಮುಗಿಯುತ್ತದೆ. ಮೊದಲು ಚಾಸಿಸ್, ಅಂದರೆ ಗಾಲಿಗಳನ್ನು ಹೊತ್ತ ಚೌಕಟ್ಟು. ಎರಡೂ ಬದಿಯಲ್ಲಿ ಗಾಲಿ ತಿರುಗಿಸುವ ಕ್ರ್ಯಾಂಕುಗಳು ಒಂದಕ್ಕೊಂದು 90 ಡಿಗ್ರಿಯಲ್ಲಿರಬೇಕು; ತಪ್ಪಿದರೆ ಗಾಲಿಗಳನ್ನು ಒಂದಕ್ಕೊಂದು ಸೇರಿಸುವ ಜೋಡುಕಡ್ಡಿ ಪ್ರತಿ ಸುತ್ತಿಗೂ ಒಂದು ಕಡೆ ಬಿಗಿಹಿಡಿಯುತ್ತದೆ. ಪಿಸ್ಟನ್ ಜೋಡಿಸುವ ಮುನ್ನ ಬರೀ ಗಾಲಿ ಮತ್ತು ಕಡ್ಡಿಗಳನ್ನು ಹಳಿಯ ಮೇಲೆ ತಳ್ಳಿ ನೋಡಿ, ಸರಾಗವಾಗಿ ಉರುಳಬೇಕು. ಆಮೇಲೆ ಸ್ಟೀಮ್ ಚೆಸ್ಟಿನ, ಅಂದರೆ ಸಿಲಿಂಡರಿಗೆ ಉಗಿ ಹಂಚುವ ವಾಲ್ವ್ ಇರುವ ಪೆಟ್ಟಿಗೆಯ, ಮುಚ್ಚಳ ತೆಗೆದಿಟ್ಟು ವಾಲ್ವ್ ಹೊಂದಿಸಿ: ಗಾಲಿ ತಿರುಗಿಸಿದಾಗ ಪಿಸ್ಟನ್ ಮುಂದಿನ ಕೊನೆ ಮುಟ್ಟುವಲ್ಲಿ ಮುಂದಿನ ಕಿಂಡಿ ಎಷ್ಟು ಕಣ್ಣು ತೆರೆಯುತ್ತದೋ, ಹಿಂದಿನ ಕೊನೆಯಲ್ಲಿ ಹಿಂದಿನ ಕಿಂಡಿಯೂ ಅಷ್ಟೇ ತೆರೆಯಬೇಕು. ಹೆಚ್ಚುಕಡಿಮೆ ಇದ್ದರೆ ವಾಲ್ವ್ ಕಡ್ಡಿಯ ತಿರುಪನ್ನು ಅರ್ಧರ್ಧ ಸುತ್ತು ಸರಿಸಿ. ಇದನ್ನು ಅವಸರದಲ್ಲಿ ಮುಗಿಸಿದ ಎಂಜಿನ್ ಜೀವಮಾನವಿಡೀ ಕುಂಟುತ್ತದೆ. ಟೈರಿಗೆ ಗಾಳಿ ತುಂಬುವ ಸಣ್ಣ ಕಂಪ್ರೆಸರಿನಿಂದ ಒಂದು ಬಾರ್ ಗಾಳಿ ಕೊಟ್ಟು, ಸಿಲಿಂಡರಿಗೆ ಎಣ್ಣೆ ಬಿಟ್ಟು, ಗಾಲಿ ಎತ್ತಿ ಹತ್ತು ನಿಮಿಷ ಓಡಿಸಿ. ಬೆಂಕಿಯ ಮಾತು ಅದಾದ ಮೇಲೆ.

ಬಾಯ್ಲರನ್ನೇ ಕೈಯಾರೆ ಮಾಡುವವರು ತಾಮ್ರದ ಕೊಳವೆ, ಕಂಚಿನ ಬುಷ್, ಬೆಳ್ಳಿಯ ಬೆಸುಗೆ ಬಿಟ್ಟು ಬೇರೆ ದಾರಿ ಹಿಡಿಯಬಾರದು. ಸೀಸದ ಬೆಸುಗೆ ನೀರು ತಗ್ಗಿದ ಕ್ಷಣ ಕರಗುತ್ತದೆ. ಹಿತ್ತಾಳೆಯಲ್ಲಿನ ಸತು ಬಿಸಿನೀರಿಗೆ ಕರಗಿ ಹೋಗಿ ಉಳಿದದ್ದು ರೊಟ್ಟಿಯಂತೆ ಪುಡಿಯಾಗುತ್ತದೆ. ಹೊಸ ಬಾಯ್ಲರನ್ನು ಕೆಲಸದ ಒತ್ತಡದ ಎರಡರಷ್ಟಕ್ಕೆ, ಅಂದರೆ 80 ಪಿಎಸ್‌ಐಗೆ, ತಣ್ಣೀರಿನಿಂದ ಪರೀಕ್ಷಿಸುತ್ತಾರೆ. ಆಮೇಲಿನ ಪರೀಕ್ಷೆಗಳಿಗೆ ಒಂದೂವರೆಯಷ್ಟು. ಪರೀಕ್ಷೆಗೆ ಗಾಳಿ ಬಳಸಲೇಬೇಡಿ. ನೀರು ತುಂಬಿದ ಬಾಯ್ಲರ್ ಬಿರಿದರೆ ಒಂದು ಚಿಮ್ಮು ನೀರು ಬರುತ್ತದೆ, ಗಾಳಿ ತುಂಬಿದ್ದು ಬಿರಿದರೆ ತುಂಡುಗಳು ಹಾರುತ್ತವೆ. ಒಳಗೆ ಸ್ವಲ್ಪವೂ ಗಾಳಿ ಉಳಿಯದಂತೆ ನೀರು ತುಂಬಬೇಕಾದದ್ದೂ ಇದೇ ಕಾರಣಕ್ಕೆ.

ರಿಮೋಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ರೆಗ್ಯುಲೇಟರಿಗೊಂದು, ಹಿಂದೆಮುಂದೆ ಮಾಡುವ ಲಿವರಿಗೊಂದು ಸರ್ವೋ (ಅವನ್ನು ಆಡಿಸುವ ಪುಟ್ಟ ಮೋಟಾರು) ಸಾಕು. ಬ್ಯಾಟರಿಯನ್ನು ಬಾಯ್ಲರಿನಿಂದ ದೂರ, ಸಾಧ್ಯವಾದರೆ ಹಿಂದಿನ ಡಬ್ಬಿಯಲ್ಲಿ ಇಡಿ. ಹಳಿ ಮಟ್ಟವಾಗಿದ್ದರೆ ರಿಮೋಟ್ ಇಲ್ಲದೆಯೂ ಸುಖವಾಗಿ ನಡೆಯುತ್ತದೆ.

ಡಬ್ಬಿಗಳು ಬರೀ ಅಲಂಕಾರವಲ್ಲ

ಒಂಟಿ ಎಂಜಿನ್ ನಿಧಾನವಾಗಿ ಓಡುವುದು ಕಷ್ಟ. ಎಳೆಯಲು ಭಾರವಿದ್ದಾಗ ಅದರ ಓಟ ತಾನಾಗಿ ಹದಕ್ಕೆ ಬರುತ್ತದೆ. ಆರೆಂಟು ಸರಕು ಡಬ್ಬಿ ಕಟ್ಟಿ ನೋಡಿ, ಅದೇ ಎಂಜಿನ್ ಬೇರೆಯೇ ಅನ್ನಿಸುತ್ತದೆ. ಗಾಲಿಗಳ ಒಳಮುಖದಿಂದ ಒಳಮುಖಕ್ಕೆ 28 ಮಿ.ಮೀ. ಇರಬೇಕು, ಕ್ಯಾಲಿಪರಿನಲ್ಲಿ ಪ್ರತಿ ಅಚ್ಚಿನ ಮೂರು ಕಡೆ ಅಳೆಯಿರಿ, ಗಾಲಿ ಸೊಟ್ಟಗಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ತೂಕವನ್ನು ತಳದಲ್ಲಿ ಸೇರಿಸಿ, ಹಗುರ ಡಬ್ಬಿಯನ್ನು ಭಾರದ ಡಬ್ಬಿಗಳ ಮುಂದೆ ಕಟ್ಟಬೇಡಿ; ತಿರುವಿನಲ್ಲಿ ಹಿಂದಿನ ಎಳೆತಕ್ಕೆ ಅದು ಒಳಗಡೆಗೆ ಉರುಳುತ್ತದೆ.

ಎಣ್ಣೆ, ನೀರು, ಗ್ಯಾಸ್: ಇದೇ ಕ್ರಮ

ಈ ಕ್ರಮ ಬದಲಾಯಿಸಬೇಡಿ. ಗ್ಯಾಸ್ ಕೊನೆಯಲ್ಲಿ ತುಂಬುವುದಕ್ಕೆ ಕಾರಣವಿದೆ: ಗ್ಯಾಸಿನ ತೊಟ್ಟಿಯನ್ನು ಬಾಯ್ಲರಿನ ನೀರಿಗಿಂತ ಮೊದಲು ಮುಗಿಯುವಂತೆ ಅಳೆದು ಮಾಡಿರುತ್ತಾರೆ. ಗ್ಯಾಸ್ ಮುಗಿದು ಬೆಂಕಿ ಆರುವಾಗ ಬಾಯ್ಲರಿನಲ್ಲಿ ಇನ್ನೂ ಸ್ವಲ್ಪ ನೀರು ಉಳಿದಿರುತ್ತದೆ. ನೀರು ತುಂಬದೆ ಗ್ಯಾಸ್ ಮಾತ್ರ ಮತ್ತೆ ತುಂಬಿದವರು ಒಣ ಬಾಯ್ಲರ್ ಕಾಯಿಸಿ ಬೆಸುಗೆ ಕೆಡಿಸಿಕೊಳ್ಳುತ್ತಾರೆ. ಬಾಯ್ಲರ್ ಹಾಳಾಗುವುದು ಹೆಚ್ಚಾಗಿ ಹೀಗೆ.

ಎಣ್ಣೆ ಎರಡು ಬಗೆ. ಸಿಲಿಂಡರಿಗೆ ಎಣ್ಣೆ ಉಣಿಸುವ ಪುಟ್ಟ ಪಾತ್ರೆಯಾದ ಲೂಬ್ರಿಕೇಟರಿಗೆ 460 ದರ್ಜೆಯ ಸ್ಟೀಮ್ ಆಯಿಲ್. ಉಗಿ ಲೂಬ್ರಿಕೇಟರಿಗೆ ಹೊಕ್ಕು ತಣಿದು ನೀರಾಗಿ ತಳ ಸೇರುತ್ತದೆ, ಆ ನೀರು ಎತ್ತಿದಷ್ಟು ಎಣ್ಣೆ ಮೇಲೆ ಬಂದು ಉಗಿಯೊಡನೆ ಸಿಲಿಂಡರಿಗೆ ಹೋಗುತ್ತದೆ. ಬೈಕಿನ ಎಂಜಿನ್ ಆಯಿಲ್ ಒದ್ದೆ ಉಗಿಯಲ್ಲಿ ತೊಳೆದುಹೋಗುತ್ತದೆ. ಕಡ್ಡಿ ಕೀಲುಗಳಿಗೆ ತೆಳು ಮೆಷಿನ್ ಆಯಿಲ್, ಕೀಲಿಗೊಂದು ತೊಟ್ಟು. ಮನೆಯಲ್ಲಿದೆಯೆಂದು ಕೊಬ್ಬರಿ ಎಣ್ಣೆ ಬಿಡಬೇಡಿ, ಡಿಸೆಂಬರಿನ ಬೆಳಗಿಗೆ ಅದು ಮೇಣವಾಗಿರುತ್ತದೆ.

ನೀರಿನ ವಿಷಯದಲ್ಲಿ ನಮ್ಮಲ್ಲಿ ಹೆಚ್ಚಿನ ಎಚ್ಚರ ಬೇಕು. ಬೋರ್‌ವೆಲ್ ನೀರು ಗೀಸರಿಗೆ ಮಾಡುವುದನ್ನೇ ಬಾಯ್ಲರಿಗೂ ಮಾಡುತ್ತದೆ: ಬಿಳಿ ಗಡಸು ಪೊರೆ ಕಟ್ಟಿ ಉರಿಯ ಶಾಖವನ್ನು ತಡೆಯುತ್ತದೆ, ರೆಗ್ಯುಲೇಟರಿನ ಸೂಜಿ ಸೋರತೊಡಗುತ್ತದೆ. ಅಂಗಡಿಯಲ್ಲಿ ಬ್ಯಾಟರಿ ವಾಟರ್ ಎಂದು ಕೊಡುವುದು ಬಹುತೇಕ ಬಟ್ಟಿ ಇಳಿಸಿದ್ದಲ್ಲ, ಲವಣ ತೆಗೆದ ನೀರು. ಹಿತ್ತಾಳೆಯ ಭಾಗಗಳಿಂದ ಅದು ಸತುವನ್ನು ಸೆಳೆಯುತ್ತದೆಂದು ತಯಾರಕರಲ್ಲಿ ಹಲವರು ಬೇಡವೆನ್ನುತ್ತಾರೆ. ಮಳೆನೀರು ಉತ್ತಮ. ಮೊದಲ ಹದಿನೈದು ನಿಮಿಷದ ನೀರು ಹರಿಯಲು ಬಿಟ್ಟು, ಆಮೇಲಿನದನ್ನು ಶುದ್ಧ ಪಾತ್ರೆಯಲ್ಲಿ ಹಿಡಿದು ಒತ್ತು ನೇಯ್ಗೆಯ ಬಟ್ಟೆಯಲ್ಲಿ ಸೋಸಿ ಬಾಟಲಿಗೆ ತುಂಬಿಡಿ. ಜೂನ್–ಜುಲೈನ ಹತ್ತು ಲೀಟರ್ ವರ್ಷಕ್ಕೆ ಸಾಕು. ಬಾಯ್ಲರನ್ನು ಕಂಠಮಟ್ಟ ತುಂಬಿಸಿ, ಸಿರಿಂಜಿನಲ್ಲಿ 25–30 ಮಿ.ಲೀ. ವಾಪಸ್ ಎಳೆಯಿರಿ. ಉಗಿಗೆ ಆ ಖಾಲಿ ಜಾಗ ಬೇಕು; ಇಲ್ಲದಿದ್ದರೆ ರೆಗ್ಯುಲೇಟರ್ ತೆರೆದಾಗ ಬರುವುದು ಉಗಿಯಲ್ಲ, ಕುದಿನೀರು.

ಗ್ಯಾಸಿಗೆ ಬ್ಯೂಟೇನ್ ಡಬ್ಬಿ. ಚಳಿ ದೇಶದವರು ಪ್ರೊಪೇನ್ ಬೆರೆಸಿದ್ದನ್ನು ಬಳಸುತ್ತಾರೆ, ಏಕೆಂದರೆ ಅಲ್ಲಿ ಚಳಿಗಾಲದಲ್ಲಿ ಬರೀ ಬ್ಯೂಟೇನ್ ಆವಿಯಾಗಲು ಸೋಮಾರಿತನ ಮಾಡುತ್ತದೆ. ನಮ್ಮ ಸೆಕೆಗೆ ಅದು ಬೇಡ. 40 ಡಿಗ್ರಿಯಲ್ಲಿ ಬ್ಯೂಟೇನಿನ ಒತ್ತಡ ಸುಮಾರು 3.8 ಬಾರ್, ಪ್ರೊಪೇನಿನದು 13ಕ್ಕೂ ಮೇಲೆ. ಅಡುಗೆಮನೆಯ ಸಿಲಿಂಡರಿನಿಂದ ತುಂಬಿಸುವ ಯೋಚನೆಯನ್ನೇ ಬಿಡಿ. ಆ ಮಿಶ್ರಣದ ಒತ್ತಡಕ್ಕೆ ಈ ಪುಟ್ಟ ತೊಟ್ಟಿ ಮಾಡಿದ್ದಲ್ಲ, ಹಾಗೆ ತುಂಬಿಸುವುದು ಕಾನೂನಿಗೂ ವಿರುದ್ಧ. ತುಂಬುವುದು ಬಯಲಲ್ಲೇ ಆಗಬೇಕು, ಸುತ್ತ ಹತ್ತಡಿಯಲ್ಲಿ ಉರಿಯುವ ಎಂಜಿನ್, ಬೀಡಿ ಸಿಗರೇಟು ಯಾವುದೂ ಇರಬಾರದು. ಡಬ್ಬಿ ತಲೆಕೆಳಗು ಹಿಡಿದು ನೇರ ಒತ್ತಿ. ಪಕ್ಕದಿಂದ ಬಿಳಿ ದ್ರವ ಉಗುಳಿದರೆ ತುಂಬಿತೆಂದು ಲೆಕ್ಕ. ಎರಡನೆಯ ಸಲ ಅರ್ಧವೂ ತುಂಬದಿದ್ದರೆ ಕಾರಣ ಬಿಸಿ ತೊಟ್ಟಿ. ಅದರ ಒತ್ತಡ ಡಬ್ಬಿಯ ಒತ್ತಡಕ್ಕೆ ಎದುರು ನಿಲ್ಲುತ್ತದೆ. ಒದ್ದೆ ಬಟ್ಟೆ ಹೊದಿಸಿ ಐದು ನಿಮಿಷ ಕಾಯಿರಿ.

ಹೊತ್ತಿಸುವುದು, ಓಡಿಸುವುದು

ಒಂದು ಒದ್ದೆ ಗೋಣಿಚೀಲ, ಒಂದು ಜೊತೆ ಚರ್ಮದ ಕೈಗವಸು ಪಕ್ಕದಲ್ಲಿರಲಿ. ಸೆರಗು, ದುಪ್ಪಟ್ಟ ಸೊಂಟಕ್ಕೆ ಸಿಕ್ಕಿಸಿ. ಚಿಮಣಿಯ ಮೇಲೆ ಮುಖ ತರಬೇಡಿ.

ಉದ್ದ ಮೂತಿಯ ಲೈಟರನ್ನು ಮೊದಲು ಹೊತ್ತಿಸಿ ಚಿಮಣಿಯ ಬಾಯಿಗೆ ಹಿಡಿದು, ಆಮೇಲೆ ಗ್ಯಾಸ್ ವಾಲ್ವನ್ನು ಕಾಲು ಸುತ್ತು ತೆರೆಯಿರಿ. 'ಪಟ್' ಎಂದು ಬೆಂಕಿ ಕೊಳವೆಯೊಳಕ್ಕೆ ಹಿಂದೆ ಸರಿದು ಬರ್ನರಿನ ಮೇಲೆ ಕೂರಬೇಕು; ಮೆತ್ತಗೆ ಗುಂಯ್‌ಗುಡುವ ಸದ್ದು ಕೇಳುತ್ತದೆ. ಬೆಂಕಿ ಚಿಮಣಿಯ ಬುಡದಲ್ಲೇ ನಿಂತರೆ ಗ್ಯಾಸ್ ಹೆಚ್ಚಾಗಿದೆ: ಮುಚ್ಚಿ, ಅರ್ಧ ನಿಮಿಷ ಗಾಳಿಯಾಡಲು ಬಿಟ್ಟು, ಇನ್ನೂ ಕಡಿಮೆ ತೆರೆದು ಮತ್ತೆ ಹೊತ್ತಿಸಿ. ಊಳಿಡುತ್ತಿದ್ದರೂ ಕಡಿಮೆ ಮಾಡಿ. ಸಣ್ಣ ಬಾಯ್ಲರಿನಲ್ಲಿ ಐದರಿಂದ ಎಂಟು ನಿಮಿಷಕ್ಕೆ ಒತ್ತಡಮಾಪಕದ ಮುಳ್ಳು 40 ಮುಟ್ಟುತ್ತದೆ. ಸೇಫ್ಟಿ ವಾಲ್ವ್ ಎದ್ದು ಉಗಿ ಬಿಡುವುದನ್ನು ಪ್ರತಿದಿನದ ಮೊದಲ ಓಟಕ್ಕೆ ಮುನ್ನ ಕಣ್ಣಾರೆ ನೋಡಬೇಕು. ಮುಳ್ಳು ಕೆಲಸದ ಒತ್ತಡ ದಾಟಿದರೂ ಅದು ಏಳದಿದ್ದರೆ ಗ್ಯಾಸ್ ಮುಚ್ಚಿ, ಅಂದಿನ ಓಟ ಅಲ್ಲಿಗೆ ಮುಗಿಯಿತು.

ಸಿಲಿಂಡರ್ ಇನ್ನೂ ತಣ್ಣಗಿದೆ, ಹೊಕ್ಕ ಉಗಿ ನೀರಾಗುತ್ತದೆ. ನೀರು ಕುಗ್ಗುವುದಿಲ್ಲ, ಆದ್ದರಿಂದ ಒಮ್ಮೆಗೇ ರೆಗ್ಯುಲೇಟರ್ ಎಳೆದರೆ ಕಡ್ಡಿ ಬಾಗುತ್ತದೆ. ತುಸುವೇ ತೆರೆದು, ಎಂಜಿನ್ನನ್ನು ಕೈಯಲ್ಲಿ ಹಿಂದೆಮುಂದೆ ಗೇಣುದ್ದ ಆಡಿಸಿ. ಚಿಮಣಿಯಿಂದ ಎಣ್ಣೆ ಬೆರೆತ ಬಿಸಿನೀರು ಚಿಮ್ಮುತ್ತದೆ. ಬಿಳಿ ಪಂಚೆ ಉಟ್ಟವರು ಆಚೆ ನಿಲ್ಲಲಿ. ಚಿಮ್ಮುವುದು ನಿಂತ ಮೇಲೆ ಡಬ್ಬಿ ಕಟ್ಟಿ ಹೊರಡಿಸಿ. ಎರಡು ಸುತ್ತು ಒಂಟಿಯಾಗಿ ಮೆಲ್ಲಗೆ ಓಡಿಸುವುದೂ ಒಳ್ಳೆಯದೇ.

ಓಟ ಹಿಡಿದ ಮೇಲೆ ಸೇಫ್ಟಿ ವಾಲ್ವ್ ಎಡೆಬಿಡದೆ ಬುಸುಗುಟ್ಟುತ್ತಿದ್ದರೆ ಗ್ಯಾಸನ್ನು ಸುಮ್ಮನೆ ಸುಡುತ್ತಿದ್ದೀರಿ. ವಾಲ್ವ್ ಆಗೊಮ್ಮೆ ಈಗೊಮ್ಮೆ ನಿಟ್ಟುಸಿರು ಬಿಡುವಷ್ಟಕ್ಕೆ ಉರಿ ತಗ್ಗಿಸಿ. ತೊಟ್ಟಿ ಕ್ಯಾಬಿನೊಳಗೆ ಬಾಯ್ಲರಿಗೆ ಅಂಟಿಕೊಂಡಿರುವ ಎಂಜಿನ್ನುಗಳಲ್ಲಿ, ಮಾರ್ಚ್‌ನಿಂದ ಮೇವರೆಗೆ, ಹತ್ತು ನಿಮಿಷದ ಹೊತ್ತಿಗೆ ತೊಟ್ಟಿ ಕಾದು ಉರಿ ತಾನೇ ಜೋರಾಗುತ್ತದೆ. ಆಗ ಇನ್ನೊಮ್ಮೆ ತಗ್ಗಿಸಬೇಕು. ಒಂದು ತುಂಬಿಗೆ ಸುಮಾರು 20–30 ನಿಮಿಷದ ಓಟ.

ಕೈಕೊಟ್ಟಾಗ

ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ನಿಲ್ಲುತ್ತಿದ್ದರೆ ಎಂಜಿನ್ ಬಿಚ್ಚಬೇಡಿ. ಅಲ್ಲಿ ರಸಮಟ್ಟ ಇಡಿ. ಬೇರೆ ಬೇರೆ ಜಾಗದಲ್ಲಿ ನಿಂತರೆ ಮುಳ್ಳು ನೋಡಿ. ಒತ್ತಡ ಬಿದ್ದಿದ್ದರೆ ಉರಿಯ ಕೊರತೆ, ಒತ್ತಡವಿದ್ದೂ ನಿಂತರೆ ಎಲ್ಲೋ ಕಡ್ಡಿ ಬಿಗಿಹಿಡಿದಿದೆ, ಇಲ್ಲವೇ ಲೂಬ್ರಿಕೇಟರ್ ಒಣಗಿದೆ.

ಉರಿಯ ಕೊರತೆಗೆ ಮುಕ್ಕಾಲು ಪಾಲು ಕಾರಣ ಬರ್ನರಿಗೆ ಗ್ಯಾಸ್ ಚಿಮ್ಮಿಸುವ ಜೆಟ್ ಕಟ್ಟಿರುವುದು. ಅದರ ತೂತು ಕೂದಲಿನಷ್ಟು, ಗ್ಯಾಸಿನೊಡನೆ ಬಂದ ಕಸಕ್ಕೇ ಮುಚ್ಚಿಹೋಗುತ್ತದೆ. ಜೆಟ್ ಬಿಚ್ಚಿ ಥಿನ್ನರಿನಲ್ಲಿ ನೆನೆಸಿ, ಗ್ಯಾಸ್ ಹೋಗುವ ದಿಕ್ಕಿಗೆ ವಿರುದ್ಧವಾಗಿ ಗಾಳಿ ಊದಿ. ಸೂಜಿ, ತಂತಿ ತೂರಿಸಿದರೆ ತೂತು ಹಿರಿದಾಗಿ ಜೆಟ್ಟೇ ಕೆಟ್ಟಂತೆ. ಬಿಡಿ ಜೆಟ್ ಎರಡು ಮನೆಯಲ್ಲಿರಲಿ.

ಚಿಮಣಿಯಿಂದ ನೀರು ನಿಲ್ಲದೆ ಬರುತ್ತಿದ್ದರೆ ಹೆಚ್ಚು ತುಂಬಿದ್ದೀರಿ, ಇಲ್ಲವೇ ಬಾಯ್ಲರಿಗೆ ಎಣ್ಣೆ ಸೇರಿ ನೊರೆ ಏಳುತ್ತಿದೆ. ಗಾಲಿ ನಿಂತಲ್ಲೇ ಜಾರಿ ಸುತ್ತುತ್ತಿದ್ದರೆ ಚಿಮಣಿ ಉಗುಳಿದ ಎಣ್ಣೆ ಹಳಿಯ ಮೇಲಿದೆ. ಥಿನ್ನರ್ ತಾಗಿಸಿದ ಬಟ್ಟೆಯಿಂದ, ಎಂಜಿನ್ನಿನ ಬೆಂಕಿ ಆರಿರುವಾಗ, ಒರೆಸಿ. ನಾಲ್ಕು ಉಸಿರಿನಲ್ಲಿ ಒಂದು ತಪ್ಪುತ್ತಿದ್ದರೆ ಒಂದು ಬದಿಯ ವಾಲ್ವ್ ತಿರುಪು ಸರಿದಿದೆ. ಬಾಯ್ಲರ್ ಒಳಗೆ ಪೊರೆ ಕಟ್ಟಿದ ಅನುಮಾನವಿದ್ದರೆ ಒಂದು ಲೋಟ ಉಗುರುಬೆಚ್ಚನೆ ನೀರಿಗೆ ಒಂದು ಟೀ ಚಮಚ ಸಿಟ್ರಿಕ್ ಆಮ್ಲ ಕರಗಿಸಿ ತುಂಬಿ, ಒಂದು ಗಂಟೆ ಬಿಟ್ಟು, ಮೂರು ನಾಲ್ಕು ಸಲ ಮಳೆನೀರಿನಲ್ಲಿ ತೊಳೆಯಿರಿ.

ಆರಿದ ಮೇಲೆ

ಬೆಂಕಿ ಆರಿದರೂ ಉಳಿದ ಉಗಿ ಒಂದೆರಡು ಸುತ್ತು ಎಳೆಯುತ್ತದೆ. ಮುಳ್ಳು ಸೊನ್ನೆಗೆ ಬಂದ ಮೇಲೆ ನೀರಿನ ಮುಚ್ಚಳವನ್ನು ಬಟ್ಟೆ ಸುತ್ತಿ ಅರ್ಧ ಸುತ್ತು ಸಡಿಲಿಸಿ. ಹಾಗೇ ಬಿಗಿಯಾಗಿ ಬಿಟ್ಟರೆ ಬಾಯ್ಲರ್ ತಣಿಯುತ್ತ ಒಳಗೆ ನಿರ್ವಾತವಾಗಿ ಲೂಬ್ರಿಕೇಟರಿನ ಎಣ್ಣೆಯನ್ನೇ ಒಳಕ್ಕೆ ಹೀರಿಕೊಳ್ಳುತ್ತದೆ. ಮುಂದಿನ ಓಟದ ನೊರೆ ಅಲ್ಲಿಂದ ಬರುತ್ತದೆ. ಲೂಬ್ರಿಕೇಟರಿನ ತಳದ ನೀರನ್ನು ಸಿರಿಂಜಿನಲ್ಲಿ ತೆಗೆಯಿರಿ. ಎಂಜಿನ್ ಇನ್ನೂ ಬೆಚ್ಚಗಿರುವಾಗಲೇ ಒರೆಸಿದರೆ ಎಣ್ಣೆ ಸುಲಭವಾಗಿ ಬಿಡುತ್ತದೆ, ತಣಿದರೆ ಬಣ್ಣದ ಮೇಲೆ ಕಂದು ಪೊರೆಯಾಗಿ ಕೂರುತ್ತದೆ. ವಾರಗಟ್ಟಲೆ ಎತ್ತಿಡುವುದಾದರೆ ಬಾಯ್ಲರ್ ಪೂರ್ತಿ ಖಾಲಿ ಮಾಡಿ. ಚಿಮಣಿ ಮತ್ತು ಬರ್ನರಿನ ಗಾಳಿಕಿಂಡಿಗೆ ಬಟ್ಟೆ ತುರುಕಿಡಿ, ಇಲ್ಲದಿದ್ದರೆ ಕಡಜ ಅಲ್ಲಿ ಮಣ್ಣಿನ ಗೂಡು ಕಟ್ಟುತ್ತದೆ. ಆ ಬಟ್ಟೆಗೊಂದು ಉದ್ದನೆಯ ಕೆಂಪು ದಾರ ಕಟ್ಟಿ ಹೊರಗೆ ಇಳಿಬಿಡಿ, ಮುಂದಿನ ಸಲ ಹೊತ್ತಿಸುವ ಮುನ್ನ ತೆಗೆಯುವುದು ನೆನಪಾಗುತ್ತದೆ.